ನೆನಪಿಲ್ಲದ ದ್ವಿತೀಯಾರ್ಧ

ಕಾಲ್ಡರ್‌ಬ್ರಿಗ್, ಯಾರ್ಕ್‌ಷೈರ್
14 ಸೆಪ್ಟೆಂಬರ್ 1981

ಪ್ರೀತಿಯ ಅಕ್ಕ,

ಶುಕ್ರವಾರ ಸಹಿ ಹಾಕಿದೆ. ಐದು ವರ್ಷ ಕೆಳಗಿನ ಡಿವಿಷನ್ನಿನಲ್ಲಿ ಮಣ್ಣು ಹೊತ್ತದ್ದಕ್ಕೆ ಈಗ ಮೊದಲ ಡಿವಿಷನ್ನಿನ ತಂಡವೊಂದು ಕರೆದಿದೆ. ನನಗೆ ಇಪ್ಪತ್ತಾರು ಎಂದಾಗ ಕೋಚ್ ತಲೆ ಆಡಿಸಿ, "ಫಾರ್ವರ್ಡ್‌ಗೆ ಇದೇ ಪ್ರಾಯ, ಇದಕ್ಕೆ ಮುಂಚೆ ಮೂಳೆ ಗಟ್ಟಿಯಾಗಿರುವುದಿಲ್ಲ" ಅಂದ. ಬಟ್ಟೆಗೆ ಬಣ್ಣ ಹಾಕುವ ಡೈಯಿಂಗ್ ಮಿಲ್ಲಿನ ಕೆಲಸ ಬಿಟ್ಟಿಲ್ಲ. ಇಲ್ಲಿ ಯಾರೂ ಬಿಡುವುದಿಲ್ಲ. ವಾರದ ದಿನ ಮಿಲ್ಲು, ಸಂಜೆ ಅಭ್ಯಾಸ, ಭಾನುವಾರ ಪಂದ್ಯ.

ನಾನು ಆಡುವುದು ಎಂಥ ಆಟ ಎಂದು ಅಮ್ಮ ಕೇಳುತ್ತಲೇ ಇದ್ದಾಳೆಂದು ಬರೆದಿದ್ದೀ. ಹೀಗೆ ಹೇಳು. ಮಂಗಳೂರಿನಲ್ಲಿ ಶಾಲೆಯ ಹಿಂದೆ ಕಬಡ್ಡಿ ಆಡುತ್ತಿದ್ದೆವಲ್ಲ, ರಗ್ಬಿ ಲೀಗ್ ಅದರ ದೊಡ್ಡಪ್ಪ. ಒಂದೊಂದು ಕಡೆ ಹದಿಮೂರು ಜನ. ಚೆಂಡು ಹಿಡಿದವನು ಎದುರಿನವರನ್ನು ಸೀಳಿಕೊಂಡು ಓಡಬೇಕು, ಅವರು ಅವನನ್ನು ಕೆಡವಬೇಕು. ಆರು ಸಲ ಕೆಡವಿದರೆ ಸರದಿ ಮುಗಿಯಿತು. ಹಿಂದಿರುವ ಸಣಕಲರು ಓಡಿ ಹೆಸರು ಮಾಡುತ್ತಾರೆ, ಮುಂದಿರುವ ಫಾರ್ವರ್ಡ್‌ಗಳು ನಾವು ಆರು ಮಂದಿ ಅವರಿಗೆ ದಾರಿ ಬಿಡಿಸಿಕೊಡುತ್ತೇವೆ. ಸ್ಕ್ರಮ್ ಅಂತ ಒಂದು ಉಂಟು. ಆರು ಜನ ಹೆಗಲಿಗೆ ಹೆಗಲು ಸೇರಿಸಿ, ತಲೆ ತಗ್ಗಿಸಿ, ಎದುರಿನ ಆರು ಜನರನ್ನು ನೂಕುವುದು. ಅದರಲ್ಲಿ ನನ್ನ ಜಾಗ ಮುಂದಿನ ಸಾಲು.

ಏಟು ಬೀಳುವುದಿಲ್ಲವಾ ಎಂದು ಕೇಳಿದರೆ, ಅವನೇ ಉಳಿದವರಿಗೆ ಕೊಡುತ್ತಾನೆ ಎಂದು ಹೇಳು. ನಾನು ಇಲ್ಲಿ ಏನು ತಿನ್ನುತ್ತೇನೆಂದು ಮಾತ್ರ ಹೇಳಬೇಡ. ಜೈನರ ಮನೆಯಲ್ಲಿ ಹುಟ್ಟಿದವನು ಹದಿನಾರು ಸ್ಟೋನ್, ಅಂದರೆ ನೂರು ಕಿಲೋ ತೂಗುವುದು ಬರೀ ಬೇಳೆಯಿಂದ ಎಂದು ಅವಳು ನಂಬಿಕೊಂಡಿರಲಿ.

ಅಪ್ಪ ಹೋಗಿ ವರ್ಷವಾಯಿತು. ಅಮ್ಮನನ್ನು ನೀನು ಅಮೆರಿಕಕ್ಕೆ ಕರೆದುಕೊಂಡು ಹೋದ ಮೇಲೆ ಈ ಊರಿನಲ್ಲಿ ನನ್ನನ್ನು ಗುಣಪಾಲ ಎನ್ನುವವರು ಯಾರೂ ಇಲ್ಲ. ಎಲ್ಲರಿಗೂ ನಾನು ಪಾಲ್. ಕನ್ನಡ ಬರೆಯುವುದು ನಿನಗೆ ಮಾತ್ರ. ಒತ್ತಕ್ಷರ ತಪ್ಪಿದರೆ ನಗಬೇಡ.

ನಿನ್ನ
ಗುಣ

*

ಮಿಲ್ಪಿಟಾಸ್
20 ಅಕ್ಟೋಬರ್ 1981

ಚಿ. ಗುಣನಿಗೆ,

ಒತ್ತಕ್ಷರ ನಾಲ್ಕು ಕಡೆ ತಪ್ಪಿದೆ. ನಕ್ಕಿಲ್ಲ.

ನಿನ್ನ ಕಾಗದ ಅಮ್ಮನಿಗೆ ಓದಿದೆ. ಕಬಡ್ಡಿಯ ದೊಡ್ಡಪ್ಪ ಅಂದದ್ದು ಅವಳಿಗೆ ಹಿಡಿಸಿತು. ಆದರೆ ಮುಂದಿನ ಸಾಲು ಎಂಬಲ್ಲಿ ತಡೆದಳು. "ಮುಂದೆ ಅಂದ್ರೆ ಮೊದ್ಲು ಪೆಟ್ಟು ಬೀಳುದು ಅವನಿಗೇ ಅಲ್ವಾ?" ನಾನು ಇಲ್ಲ ಅಂದೆ. ನನಗೂ ಗೊತ್ತಿಲ್ಲ.

ಅವಳು ಇಲ್ಲಿಗೆ ಹೊಂದಿಕೊಂಡಿದ್ದಾಳೆ. ಕೊಲ್ಲಿಯ ಕಡೆಯಿಂದ ಗಾಳಿ ಬೀಸಿದರೆ ಉಪ್ಪುಕೆಸರಿನ ವಾಸನೆ ಬರುತ್ತದೆ. ಅಕ್ಕಪಕ್ಕದವರು ಕಿಟಕಿ ಮುಚ್ಚುತ್ತಾರೆ, ಅಮ್ಮ ತೆರೆಯುತ್ತಾಳೆ. ಮಂಗಳೂರಿನ ಬಂದರು ಹೀಗೇ ಇತ್ತಂತೆ. ಸೂರ್ಯ ಮುಳುಗುವ ಮುಂಚೆ ಅವಳ ಊಟ ಆಗಬೇಕು. ಓಕ್ಲ್ಯಾಂಡಿನ ಆಸ್ಪತ್ರೆಯಿಂದ ನಾನು ಫ್ರೀವೇ ಹಿಡಿದು ಬರುವಷ್ಟರಲ್ಲಿ ಚಳಿಗಾಲದಲ್ಲಿ ಕತ್ತಲೆಯಾಗಿರುತ್ತದೆ. ಹಾಗಾಗಿ ನಿನ್ನ ಭಾವ ರಾಮನಾಥರೇ ಆಫೀಸಿನಿಂದ ಬೇಗ ಬಂದು ಬಡಿಸುತ್ತಾರೆ. ವೇದವತಿಗೆ ಐದು ತುಂಬಿತು. ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಇಬ್ಬರಿಗೂ ಅದು ಜಗಳ ಅನ್ನಿಸುವುದಿಲ್ಲ.

ನೀನು ಒಬ್ಬನೇ ಅಲ್ಲಿ ಉಳಿದದ್ದಕ್ಕೆ ನನಗೆ ಸಿಟ್ಟಿತ್ತು. ಈಗ ಇಲ್ಲ. ಇಷ್ಟಪಟ್ಟದ್ದನ್ನು ಮಾಡಿ ಊಟ ಸಂಪಾದಿಸುವವರು ನಮ್ಮ ಮನೆತನದಲ್ಲಿ ನೀನೇ ಮೊದಲು.

ಆಶೀರ್ವಾದಗಳೊಂದಿಗೆ
ರತ್ನಾವತಿ

*

ಕಾಲ್ಡರ್‌ಬ್ರಿಗ್
8 ಮಾರ್ಚ್ 1983

ಅಕ್ಕ,

ಇದನ್ನು ಅಮ್ಮನಿಗೆ ಓದಬೇಡ, ನಿನಗೆ ಮಾತ್ರ.

ಭಾನುವಾರ ಕಪ್ ಪಂದ್ಯ ಗೆದ್ದೆವು. ಮೊದಲ ಅರ್ಧ ಚೆನ್ನಾಗಿ ನೆನಪುಂಟು. ಬಿಡುವಿಗೆ ಸ್ವಲ್ಪ ಮೊದಲು ಯಾರದೋ ಮೊಣಕಾಲು ಕಿವಿಯ ಮೇಲೆ ಬಡಿಯಿತು. ಆಮೇಲೆ ನೆನಪಿರುವುದು ಪಂದ್ಯ ಮುಗಿದು ಎಲ್ಲರೂ ಸ್ನಾನದ ತೊಟ್ಟಿಯಲ್ಲಿ ಕೂತಿರುವುದು. ಸ್ಕ್ರಮ್‌ನಲ್ಲಿ ನನ್ನ ಪಕ್ಕಕ್ಕೆ ನಿಲ್ಲುವ ಡೆರೆಕ್ ಬೆನ್ನಿಗೆ ಗುದ್ದಿ, "ಪಾಲ್, ಇವತ್ತು ಆಡಿದ ಹಾಗೆ ನೀನು ಯಾವತ್ತೂ ಆಡಿಲ್ಲ" ಅಂದ. ನಾನು ಥ್ಯಾಂಕ್ಸ್ ಅಂದೆ. ಎಂತ ಆಡಿದೆ ಎಂದು ಕೇಳಲು ನಾಚಿಕೆ ಆಯಿತು. ಮರುದಿನ ಪತ್ರಿಕೆ ತಂದು ಓದಿದರೆ, ದ್ವಿತೀಯಾರ್ಧದಲ್ಲಿ ಮೂರು ಜನರನ್ನು ಎಳೆದುಕೊಂಡು ಗೆರೆ ದಾಟಿ ಚೆಂಡು ನೆಲಕ್ಕೆ ಊರಿ ಅಂಕ ಗಳಿಸಿದ್ದೇನಂತೆ. ಜನ್ಮದಲ್ಲಿ ಮಾಡಿದ ಅತ್ಯಂತ ಒಳ್ಳೆಯ ಕೆಲಸ, ಅದನ್ನು ಊರೆಲ್ಲ ನೋಡಿತು, ನಾನೊಬ್ಬ ನೋಡಲಿಲ್ಲ. ತಮಾಷೆ ಅಲ್ಲವಾ?

ಕಟಿಂಗು ಕಳಿಸಿದ್ದೇನೆ.

ಗುಣ

*

ಮಿಲ್ಪಿಟಾಸ್
11 ಏಪ್ರಿಲ್ 1983

ಚಿ. ಗುಣ,

ಓದಿ ನಗು ತಡೆಯಲಾಗಲಿಲ್ಲ. ನಿನ್ನ ಭಾವನಿಗೂ ಹೇಳಿದೆ, ಅವರೂ ನಕ್ಕರು. ಡಾಕ್ಟರಿಗೆ ತೋರಿಸಿದೆಯಾ? ತೋರಿಸು. ಕಟಿಂಗು ಅಮ್ಮ ತನ್ನ ಸ್ತೋತ್ರದ ಪುಸ್ತಕದಲ್ಲಿ ಇಟ್ಟುಕೊಂಡಿದ್ದಾಳೆ. ಚಿತ್ರದಲ್ಲಿ ನಿನ್ನ ಮುಖ ಕಾಣುವುದಿಲ್ಲ, ಮೂರು ಜನರ ಕೆಳಗಿನ ಒಂದು ಕಾಲು ಮಾತ್ರ ಕಾಣುತ್ತದೆ. "ಅದು ಅವನದ್ದೇ ಕಾಲು" ಅಂತ ಅಮ್ಮ.

ವಾರ್ಡಿನಲ್ಲಿ ಇಬ್ಬರು ನರ್ಸುಗಳು ಬಿಟ್ಟುಹೋಗಿ ಡಬಲ್ ಶಿಫ್ಟು ನಡೆಯುತ್ತಿದೆ. ಇಷ್ಟಕ್ಕೇ ಮುಗಿಸುತ್ತೇನೆ.

ರತ್ನಾವತಿ

*

ಮಿಲ್ಪಿಟಾಸ್
3 ಅಕ್ಟೋಬರ್ 1984

ಪ್ರೀತಿಯ ಗುಣ,

ಕೂತು ಓದು. ಓದಿದ ಮೇಲೆ ಅಮ್ಮ ಫೋನಿಗೆ ಸಿಕ್ಕಿದಾಗ ಬಾಯಿ ಬಿಡಬೇಡ.

ನನ್ನ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಆಗಸ್ಟಿನಲ್ಲೇ ಕೈಗೆ ಸಿಕ್ಕಿತ್ತು, ಒಂದು ತಿಂಗಳು ಇಲ್ಲ ಎಂದುಕೊಂಡೆ. ಬೇರೆಯವರಾಗಿದ್ದರೆ ಬೈದು ಡಾಕ್ಟರ ಹತ್ತಿರ ಕಳಿಸುತ್ತಿದ್ದೆ. ಪರೀಕ್ಷೆ ಆಯಿತು. ಕ್ಯಾನ್ಸರ್. ಇದೇ 16ರ ಮಂಗಳವಾರ ಆಪರೇಷನ್, ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ. ಎಷ್ಟೋ ಜನರಿಗೆ ಡ್ರೆಸ್ಸಿಂಗು ಮಾಡಿದ ವಾರ್ಡಿನಲ್ಲಿ ನಾನೇ ಮಲಗುವುದು.

ಅಮ್ಮನಿಗೆ ಒಂದು ವಾರದ ಟ್ರೈನಿಂಗು ಎಂದು ಹೇಳಿದ್ದೇನೆ. ನಿನ್ನ ಭಾವನಿಗೆ ಗೊತ್ತು, ಆದರೆ ಅವರು ನನ್ನ ಎದುರು ಗಟ್ಟಿಯಾಗಿರಬೇಕೆಂದು ಎಷ್ಟು ಒದ್ದಾಡುತ್ತಾರೆಂದರೆ ಅವರ ಹತ್ತಿರ ಹೆದರಿಕೆಯ ಮಾತು ಆಡಲು ಆಗುವುದಿಲ್ಲ. ಅದಕ್ಕೆ ನಿನ್ನ ಹತ್ತಿರ ಆಡುತ್ತಿದ್ದೇನೆ. ಹೆದರಿಕೆ ಆಗುತ್ತದೆ ಗುಣ. ವೇದಾಗೆ ಎಂಟು ವರ್ಷ.

16ರ ಮುಂಚೆ ಒಂದು ಫೋನು ಮಾಡು, ಆಸ್ಪತ್ರೆಯ ನಂಬರೂ ಕೆಳಗೆ ಬರೆದಿದ್ದೇನೆ. ಮನೆಗಾದರೆ ಇಲ್ಲಿಯ ಬೆಳಿಗ್ಗೆ ಹತ್ತರ ನಂತರ ಮಾಡು, ಅಮ್ಮ ಆಗ ಪಾರ್ಕಿಗೆ ನಡೆಯಲು ಹೋಗುತ್ತಾಳೆ. ಏನೂ ಹೇಳಬೇಕಾಗಿಲ್ಲ. ನಿನ್ನ ಸ್ವರ ಕೇಳಿದರೆ ಸಾಕು.

ಅಕ್ಕ

*

ಕಾಲ್ಡರ್‌ಬ್ರಿಗ್
12 ನವೆಂಬರ್ 1984

ಅಕ್ಕ,

ಸಂತೋಷದ ಸುದ್ದಿ. ನನ್ನನ್ನು ಕ್ಯಾಪ್ಟನ್ ಮಾಡಿದ್ದಾರೆ. ಈ ಕ್ಲಬ್ಬಿಗೆ ನಮ್ಮ ಬಣ್ಣದ ಕ್ಯಾಪ್ಟನ್ ಇದೇ ಮೊದಲು. ಶನಿವಾರ ಮಾರ್ಕೆಟ್ಟಿನಲ್ಲಿ ಒಬ್ಬ ಮುದುಕ ಟೊಪ್ಪಿ ತೆಗೆದು ಕೈ ಕುಲುಕಿದ. ಹದಿನೇಳು ವರ್ಷದ ಹಿಂದೆ, ನಾವು ಮಂಗಳೂರಿನಿಂದ ಬಂದ ಹೊಸದರಲ್ಲಿ, ಇದೇ ಮಾರ್ಕೆಟ್ಟಿನಲ್ಲಿ ಅಪ್ಪನ ಬೆನ್ನ ಮೇಲೆ ಉಗುಳಿದ್ದರು, ನಿನಗೆ ನೆನಪಿರಬಹುದು. ಈ ಸುದ್ದಿ ಕೇಳಲು ಅಪ್ಪ ಇರಬೇಕಿತ್ತು.

ಈ ಸೀಸನ್ನಿನಲ್ಲಿ ಒಂದು ಪಂದ್ಯವೂ ತಪ್ಪಿಸಿಲ್ಲ. ತಲೆನೋವು ಆಗಾಗ ಬರುತ್ತದೆ, ಮಿಲ್ಲಿನ ಬಣ್ಣದ ಘಾಟಿಗೆ ಇರಬೇಕು. ಅಮ್ಮನಿಗೆ ಕ್ಯಾಪ್ಟನ್ ಅಂದರೆ ಎಂತ ಎಂದು ನೀನೇ ಬಿಡಿಸಿ ಹೇಳು.

ನಿನ್ನ ಕಾಗದ ಬಾರದೆ ಬಹಳ ದಿನವಾಯಿತು. ಆಸ್ಪತ್ರೆಯಲ್ಲಿ ಕೆಲಸ ಜಾಸ್ತಿ ಇರಬೇಕು.

ಗುಣ

*

ಕಾಲ್ಡರ್‌ಬ್ರಿಗ್
25 ಫೆಬ್ರವರಿ 1985

ಅಕ್ಕ, ಎರಡು ಕಾಗದಕ್ಕೂ ಉತ್ತರ ಇಲ್ಲ. ಅಮ್ಮ ಹುಷಾರಾಗಿದ್ದಾಳಾ? ಫೋನು ಮಾಡಿದರೆ ಭಾವ ಎತ್ತುತ್ತಾರೆ, ರತ್ನಾ ಮಲಗಿದ್ದಾಳೆ ಅನ್ನುತ್ತಾರೆ. ಸ್ವರದಲ್ಲಿ ಏನೋ ಬಿಗಿ ಉಂಟು. ನಾನು ಏನಾದರೂ ತಪ್ಪು ಮಾಡಿದೆನಾ?

ಗುಣ

*

ಕಾಲ್ಡರ್‌ಬ್ರಿಗ್
30 ಆಗಸ್ಟ್ 1985

ಅಕ್ಕ,

ಹೊಸ ಸೀಸನ್ ಶುರುವಾಯಿತು. ಮತ್ತೆ ಕ್ಯಾಪ್ಟನ್ ನಾನೇ. ನೀನು ಯಾಕೆ ಬರೆಯುವುದಿಲ್ಲ ಎಂದು ಕೇಳಿ ಕೇಳಿ ಸಾಕಾಯಿತು. ಅಮೆರಿಕದಲ್ಲಿ ದೊಡ್ಡವರಾದಿರಿ ಎಂದುಕೊಳ್ಳುತ್ತೇನೆ.

ಗುಣಪಾಲ

*

ಮಿಲ್ಪಿಟಾಸ್
2 ಡಿಸೆಂಬರ್ 1985

ಗುಣಪಾಲನಿಗೆ,

ಬರೆಯಬಾರದೆಂದು ಇದ್ದೆ. ನಿನ್ನ ಕೊನೆಯ ಸಾಲು ಬರೆಸುತ್ತಿದೆ.

ಕಳೆದ ವರ್ಷ ಅಕ್ಟೋಬರಿನಲ್ಲಿ ನನಗೆ ಕ್ಯಾನ್ಸರ್ ಎಂದು ಬರೆದೆ. ಫೋನು ಮಾಡು ಎಂದು ಕೇಳಿಕೊಂಡೆ. 16ರ ಬೆಳಿಗ್ಗೆ ಸ್ಟ್ರೆಚರು ತರುವವರೆಗೆ ಹಾಸಿಗೆಯ ಪಕ್ಕದ ಫೋನು ನೋಡುತ್ತಾ ಮಲಗಿದ್ದೆ. ನೀನು ಮಾಡಲಿಲ್ಲ. ಐದು ವಾರದ ಮೇಲೆ ಬಂದ ಕಾಗದದಲ್ಲಿ ಕ್ಯಾಪ್ಟನ್ ಆದೆ ಎಂದಿತ್ತು. ಅಕ್ಕ ಬದುಕಿದ್ದೀಯಾ ಎಂಬ ಒಂದು ಸಾಲು ಇರಲಿಲ್ಲ. ತಲೆಗೂದಲು ಉದುರುವ ದಿನಗಳಲ್ಲಿ ಆ ಕಾಗದವನ್ನು ಎಷ್ಟು ಸಲ ಓದಿದೆನೋ, ಸಾಲುಗಳ ನಡುವೆ ಎಲ್ಲಾದರೂ ಇರಬಹುದೇ ಎಂದು.

ಈಗ ಆರೋಗ್ಯವಾಗಿದ್ದೇನೆ. ಕೆಲಸಕ್ಕೆ ಹೋಗುತ್ತಿದ್ದೇನೆ. ಅಮ್ಮನಿಗೆ ಆಮೇಲೆ ಎಲ್ಲ ಗೊತ್ತಾಯಿತು, ನಿನಗೆ ಮುಂಚೆಯೇ ಗೊತ್ತಿತ್ತು ಎಂಬುದೊಂದನ್ನು ಬಿಟ್ಟು. ಅದನ್ನು ಹೇಳಿ ಅವಳ ಮನಸ್ಸು ನೋಯಿಸಲಾರೆ.

ದೊಡ್ಡವರಾದದ್ದು ಯಾರು ಎಂದು ನೀನೇ ಯೋಚಿಸು.

ರತ್ನಾವತಿ

*

ಕಾಲ್ಡರ್‌ಬ್ರಿಗ್
5 ಜನವರಿ 1986

ಅಕ್ಕ,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಮೊದಲ ದಿನ ಓದಿ ನೀನು ಬೇರೆ ಯಾರಿಗೋ ಬರೆದ ಹಾಗೆ ಕಂಡಿತು. ಅಂಥ ಕಾಗದ ನನಗೆ ಬಂದೇ ಇಲ್ಲ, ಅಂಚೆಯಲ್ಲಿ ಕಳೆದಿರಬೇಕು ಎಂದು ಬರೆಯಲು ಕೂತೆ. ಆಮೇಲೆ ಯಾಕೋ ಮನೆ ಹುಡುಕಿದೆ.

ಸಿಕ್ಕಿತು. ಹಳೆಯ ಮಳೆಕೋಟಿನ ಒಳಕಿಸೆಯಲ್ಲಿತ್ತು. ಒಡೆದ ಕವರು. ಕಾಗದದ ಅಂಚಿನಲ್ಲಿ ಪೆನ್ಸಿಲಿನಲ್ಲಿ, "ಸೋಮವಾರ ಅಕ್ಕನಿಗೆ ಫೋನ್" ಎಂದು ಬರೆದಿದೆ. ಕನ್ನಡದಲ್ಲಿ. ಅಕ್ಷರ ನನ್ನದು. ಬರೆದದ್ದು ನೆನಪಿಲ್ಲ. ಓದಿದ್ದು ನೆನಪಿಲ್ಲ. ಆ ಕಾಗದ ಕೈಯಲ್ಲಿ ಹಿಡಿದುಕೊಂಡು, ಮೊದಲ ಸಲ ಓದುವವನ ಹಾಗೆ ಓದಿ, ನೆಲದ ಮೇಲೆ ಕೂತುಬಿಟ್ಟೆ.

ಡೆರೆಕ್‌ನನ್ನು ಕೇಳಿದೆ. ಆ ಭಾನುವಾರ, ಅಕ್ಟೋಬರ್ ಹದಿನಾಲ್ಕು, ನಾನು ಮೈದಾನದಲ್ಲಿ ಬಿದ್ದು ಒಂದು ನಿಮಿಷ ಎದ್ದಿರಲಿಲ್ಲವಂತೆ. ಎದ್ದು ಎದುರಿನ ತಂಡದ ಕಡೆ ಹೋಗಿ ನಿಂತೆನಂತೆ. ಎಲ್ಲರೂ ನಕ್ಕರಂತೆ. ಕೋಚ್ ಭುಜ ಹಿಡಿದು ತಿರುಗಿಸಿ ಕಳಿಸಿದನಂತೆ. ಕೊನೆಯವರೆಗೆ ಆಡಿದೆ.

ಇನ್ನು ಮುಚ್ಚಿಡುವುದಿಲ್ಲ. ಹೋದ ತಿಂಗಳು ಮಿಲ್ಲಿನಿಂದ ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತೆ, ಯಾವ ಬಸ್ಸು ಎಂದು ತಿಳಿಯಲಿಲ್ಲ. ಹದಿನೆಂಟು ವರ್ಷ ಹತ್ತಿದ ಬಸ್ಸು. ಪಂದ್ಯದ ಸನ್ನೆಗಳನ್ನು ಅಂಗೈಯಲ್ಲಿ ಬರೆದುಕೊಂಡು ಇಳಿಯುತ್ತೇನೆ. ದೀಪದ ಬೆಳಕು ಕಣ್ಣು ಚುಚ್ಚುತ್ತದೆ. ನಾನು ಬಾಡಿಗೆಗಿರುವ ಮನೆಯೊಡತಿ ಕದ ಜೋರಾಗಿ ಹಾಕಿದ್ದಕ್ಕೆ ಬೈದೆ, ಆ ಮುದುಕಿ ಅತ್ತಳು.

ನೀನು ಫೋನು ನೋಡುತ್ತಾ ಮಲಗಿದ್ದೆ ಎಂದು ಬರೆದದ್ದನ್ನು ನಾನು ಮರೆಯಬಾರದು ಎಂದು ದಿನಾ ಓದುತ್ತಿದ್ದೇನೆ.

ಗುಣ

*

ಮಿಲ್ಪಿಟಾಸ್
16 ಜನವರಿ 1986

ನನ್ನ ಗುಣ,

ಹದಿನೈದು ತಿಂಗಳು ನಿನ್ನ ಮೇಲೆ ಸಿಟ್ಟಿನಲ್ಲಿದ್ದೆ. ನಿನ್ನ ಕಾಗದ ಬಂದ ಮೇಲೆ 1983ರ ಹಳೆಯ ಕಾಗದ ತೆಗೆದು ನೋಡಿದೆ. ದ್ವಿತೀಯಾರ್ಧ ನೆನಪಿಲ್ಲ ಎಂದು ನೀನು ಸ್ಪಷ್ಟವಾಗಿ ಬರೆದಿದ್ದೆ. ನರ್ಸಾಗಿ ಹದಿನೈದು ವರ್ಷ ಕೆಲಸ ಮಾಡಿದವಳು ಅದನ್ನು ಓದಿ ನಕ್ಕೆ. ನನ್ನ ವಾರ್ಡಿನಲ್ಲಿ ಯಾರಾದರೂ ಹಾಗೆ ಹೇಳಿದ್ದರೆ ಓಡಿಹೋಗಿ ಡಾಕ್ಟರನ್ನು ಕರೆಯುತ್ತಿದ್ದೆ. ತಮ್ಮನ ಕಾಗದ ಎಂದು ನಕ್ಕೆ.

ಇಲ್ಲಿ ಡಾ. ಶೇಷಾದ್ರಿ ಎಂದು ಮೈಸೂರಿನವರು ಒಬ್ಬರಿದ್ದಾರೆ, ನರರೋಗದ ಡಾಕ್ಟರು. ಅವರ ಹತ್ತಿರ ಮಾತಾಡಿದ್ದೇನೆ. ಕೂಡಲೇ ಹೊರಟು ಬಾ. ಬರುವವರೆಗೆ ಮೈದಾನಕ್ಕೆ ಇಳಿಯಬೇಡ. ಅಕ್ಕ ಹೇಳುತ್ತಿದ್ದಾಳೆ ಎಂದಲ್ಲ, ನರ್ಸು ಹೇಳುತ್ತಿದ್ದಾಳೆ ಎಂದು ಕೇಳು.

ನಿನ್ನ
ಅಕ್ಕ

*

ಕಾಲ್ಡರ್‌ಬ್ರಿಗ್
27 ಜನವರಿ 1986

ಅಕ್ಕ, ಕ್ಯಾಪ್ಟನ್ ಆದವನು ಅರ್ಧದಲ್ಲಿ ಬಿಟ್ಟು ಬರಲಾಗುವುದಿಲ್ಲ. ಮೇ ತಿಂಗಳಿಗೆ ಸೀಸನ್ ಮುಗಿಯುತ್ತದೆ. ಆಗ ಖಂಡಿತ ಬರುತ್ತೇನೆ. ತಲೆ ತಗ್ಗಿಸಿಕೊಂಡು ಆಡುತ್ತೇನೆ.

ಗುಣ

*

ಕಾಲ್ಡರ್‌ಬ್ರಿಗ್
20 ಜುಲೈ 1986

ಅಕ್ಕ,

ಬಂದು ತಲುಪಿದೆ. ಕೋಣೆ ತಣ್ಣಗೆ, ಖಾಲಿ. ಐದು ವಾರ ನಿಮ್ಮ ಮನೆಯಲ್ಲಿ ಉಂಡದ್ದು ನಾಲಗೆಯ ಮೇಲೇ ಉಂಟು. ಎಲ್ಲ ಬರೆದಿಡುತ್ತಿದ್ದೇನೆ, ಜಾರಿಹೋಗದ ಹಾಗೆ.

ಡಾ. ಶೇಷಾದ್ರಿಯವರ ಕೋಣೆಯಲ್ಲಿ ನಡೆದದ್ದು ಬರೆದೆ. ಕಿಟಕಿಯಾಚೆ ಓಕ್ಲ್ಯಾಂಡ್ ಬಂದರಿನ ಕ್ರೇನುಗಳು. ಅವರು ಮೊದಲು ಐದು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ನನಗೆ ಎರಡು ಸಿಕ್ಕಿತು. ಆಮೇಲೆ ಸ್ಕ್ಯಾನಿನ ಫಿಲ್ಮು ಬೆಳಕಿಗೆ ಹಿಡಿದು, "ನೋಡಿ, ಇಲ್ಲಿ ಮಿದುಳಿನ ನಡುವಿನ ಪೊರೆ ಹರಿದಿದೆ. ಇದನ್ನ ನಾನು ವಯಸ್ಸಾದ ಬಾಕ್ಸರುಗಳಲ್ಲಿ ನೋಡಿದೀನಿ. ನಿಮಗೆ ಮೂವತ್ತೊಂದು" ಅಂದರು. ಇನ್ನೊಂದು ಸೀಸನ್ ಆಡಿದರೆ ಏನಾಗುತ್ತದೆ ಎಂದು ಕೇಳಿದೆ. ಅವರು ಕನ್ನಡಕ ತೆಗೆದರು. "ಹೇಳಕ್ಕಾಗಲ್ಲ. ಇನ್ನೊಂದು ಏಟಿಗೆ ಏನೂ ಆಗದೆ ಇರಬಹುದು. ಎದ್ದೇಳದೇನೂ ಇರಬಹುದು. ಹೇಳಕ್ಕಾಗಲ್ಲ ಅನ್ನೋದನ್ನೇ ರಿಪೋರ್ಟಲ್ಲಿ ಬರೀತೀನಿ." ನೀನು ಗೋಡೆ ನೋಡುತ್ತಿದ್ದೆ.

ಅಮ್ಮನದ್ದೂ ಬರೆದೆ. ನೀರುದೋಸೆ ತಿಂದು ಎದ್ದು, ಹತ್ತು ನಿಮಿಷಕ್ಕೆ ಮತ್ತೆ ಬಂದು ಮೇಜಿನ ಮುಂದೆ ಕೂತು, ಇವತ್ತು ತಿಂಡಿ ಎಂತ ಎಂದು ಕೇಳಿದೆನಂತೆ. ಅವಳು ಮತ್ತೆ ಕಾವಲಿ ಇಟ್ಟಳು. ತಿನ್ನುವಾಗ ನನ್ನ ಮಣಿಕಟ್ಟು ಹಿಡಿದು, "ಮಗಾ, ಇನ್ನು ಆಡುದಿಲ್ಲ ಅಂತ ಹೇಳು" ಅಂದಳು. ಆಡುವುದಿಲ್ಲ ಅಂದೆ.

ಕ್ಲಬ್ಬಿನವರು ನನ್ನನ್ನು ಚಿಕ್ಕವರ ತಂಡಕ್ಕೆ ತರಬೇತಿ ಕೊಡಲು ಇಟ್ಟುಕೊಳ್ಳಬಹುದು. ಮಾತಾಡುತ್ತೇನೆ. ರಿಪೋರ್ಟಿನ ಒಂದು ಪ್ರತಿ ನಿನ್ನ ಹತ್ತಿರ ಇರಲಿ, ನನ್ನದು ಕಳೆದುಹೋದೀತು.

ವೇದಾಗೆ ಮಾವನ ನೆನಪುಗಳು.

ಗುಣ

*

ಮಿಲ್ಪಿಟಾಸ್
9 ಜನವರಿ 1987

ಗುಣ,

ಹೋದ ಭಾನುವಾರ, ನಾಲ್ಕನೇ ತಾರೀಕು, ನಿನ್ನ ಮನೆಗೆ ಫೋನು ಮಾಡಿದೆ. ಮನೆಯೊಡತಿ ಎತ್ತಿದಳು. ನೀನು ಎಲ್ಲಿ ಎಂದು ಕೇಳಿದೆ. ಆ ತಾಯಿ ಹೆಮ್ಮೆಯಿಂದ, "ಪಾಲ್ ಪಂದ್ಯಕ್ಕೆ ಹೋಗಿದ್ದಾನೆ, ಇವತ್ತೂ ಅವನೇ ಕ್ಯಾಪ್ಟನ್" ಅಂದಳು. ಸೆಪ್ಟೆಂಬರಿನಿಂದ ಎಲ್ಲ ಪಂದ್ಯ ಆಡಿದ್ದಾನೆ ಎಂದೂ ಹೇಳಿದಳು. ನಾನು ಯಾರೆಂದು ಕೇಳಿದಳು. ಫೋನು ಇಟ್ಟುಬಿಟ್ಟೆ.

ಅಕ್ಟೋಬರಿನಲ್ಲಿ, ನವೆಂಬರಿನಲ್ಲಿ, ಚಿಕ್ಕವರ ತಂಡಕ್ಕೆ ಕಲಿಸುತ್ತಿದ್ದೇನೆ ಎಂದು ಬರೆದೆಯಲ್ಲ, ಅದನ್ನು ಅಮ್ಮನಿಗೆ ಓದಿ ಹೇಳಿದೆನಲ್ಲ. ಆ ಕಾಗದಗಳಲ್ಲಿ ಮರೆವು ಇರಲಿಲ್ಲ. ಅವು ಸುಳ್ಳು.

ನಿನ್ನನ್ನು ಕೇಳಿ ಮಾಡಬೇಕಿತ್ತು. ಕೇಳಿದರೆ ನೀನು ಮೇ ತಿಂಗಳು ಅನ್ನುತ್ತೀ. ಹಾಗಾಗಿ ಕೇಳಲಿಲ್ಲ. ಡಾ. ಶೇಷಾದ್ರಿಯವರ ರಿಪೋರ್ಟು, ಸ್ಕ್ಯಾನಿನ ಪ್ರತಿ, ಜೊತೆಗೆ ನನ್ನದೊಂದು ಪತ್ರ, ಮೂರನ್ನೂ ನಿನ್ನ ಕ್ಲಬ್ಬಿನ ಅಧ್ಯಕ್ಷರಿಗೆ ಬುಧವಾರ ರಿಜಿಸ್ಟರ್ ಮಾಡಿದ್ದೇನೆ. ಡಾಕ್ಟರು ಬೇಡ ಅಂದರು. "ಅದು ಪೇಷಂಟಿನ ಗುಟ್ಟು ಕಣಮ್ಮಾ, ನಿಮ್ಮ ಕೆಲಸ ಹೋಗುತ್ತೆ" ಅಂದರು. ಹೋದರೆ ಹೋಗಲಿ. ನಿನ್ನನ್ನು ಪೆಟ್ಟಿಗೆಯಲ್ಲಿ ಇಳಿಸಿಕೊಳ್ಳಲು ವಿಮಾನ ಹತ್ತಲಾರೆ.

ಇದು ನಿನಗೆ ತಲುಪುವಷ್ಟರಲ್ಲಿ ಅದೂ ತಲುಪಿರುತ್ತದೆ.

ಅಕ್ಕ

*

ಕಾಲ್ಡರ್‌ಬ್ರಿಗ್
2 ಫೆಬ್ರವರಿ 1987

ರತ್ನಾವತಿಯವರಿಗೆ,

ಅಧ್ಯಕ್ಷರು ಮಂಗಳವಾರ ಕರೆದು ರಿಪೋರ್ಟು ಮೇಜಿನ ಮೇಲಿಟ್ಟರು. ಕೋಚ್ ಪಕ್ಕದಲ್ಲಿದ್ದ. ನಾನು ಪದ ನೆನಪಿಡಲಾಗದ್ದು, ನೀರುದೋಸೆ ತಿಂದು ಮರೆತದ್ದು, ಬಸ್ ಸ್ಟಾಪಿನಲ್ಲಿ ನಿಂತದ್ದು, ಎಲ್ಲ ಇಂಗ್ಲಿಷಿನಲ್ಲಿ ನೀವು ಬರೆದಿದ್ದೀರಿ. ನಾನು ನಿಮಗೆ ಕನ್ನಡದಲ್ಲಿ ಬರೆದದ್ದು ಯಾಕೆ ಎಂದು ಒಂದು ಸಲವೂ ಯೋಚಿಸಲಿಲ್ಲವಾ? ಈ ಊರಿನಲ್ಲಿ ಯಾರೂ ಓದಲಾರರು ಎಂದು.

ಹತ್ತು ನಿಮಿಷದಲ್ಲಿ ಮುಗಿಯಿತು. ಲಾಕರ್ ಖಾಲಿ ಮಾಡಿದೆ.

ಶಾಲೆಯಲ್ಲಿ ನನ್ನನ್ನು ಏನೆಂದು ಕರೆಯುತ್ತಿದ್ದರು ಎಂದು ನಿಮಗೆ ಗೊತ್ತು. ಆ ಬೀದಿಯವರೇ ಭಾನುವಾರ ಪಾಲ್ ಪಾಲ್ ಎಂದು ಕೂಗುತ್ತಿದ್ದರು. ಆ ಜರ್ಸಿ ತೆಗೆದರೆ ಇಲ್ಲಿ ನಾನು ಡೈಯಿಂಗ್ ಮಿಲ್ಲಿನ ಒಬ್ಬ ಕರಿಯ. ನೀವು ನನ್ನ ಪ್ರಾಣ ಉಳಿಸಿದ್ದೀರಿ ಎಂದುಕೊಂಡಿದ್ದೀರಿ. ಉಳಿಸಿದ್ದನ್ನು ನಾನು ಏನು ಮಾಡಬೇಕು ಎಂದೂ ಬರೆಯಬೇಕಿತ್ತು.

ಇನ್ನು ಬರೆಯಬೇಡಿ.

ಗುಣಪಾಲ

*

ಮಿಲ್ಪಿಟಾಸ್
8 ನವೆಂಬರ್ 1987

ಗುಣ,

ನೀನು ಬರೆಯಬೇಡ ಅಂದೆ. ಒಂಬತ್ತು ತಿಂಗಳು ಬರೆಯಲಿಲ್ಲ.

ನನ್ನ ಮೂರು ವರ್ಷದ ಪರೀಕ್ಷೆ ಸರಿಯಾಗಿ ಬಂದಿದೆ. ಅಮ್ಮನ ಮೊಣಕಾಲು ನೋವು ಹಾಗೇ ಉಂಟು. ಆಸ್ಪತ್ರೆಯವರು ನನ್ನನ್ನು ವಿಚಾರಿಸಿದರು, ಎರಡು ವಾರ ಕೆಲಸದಿಂದ ಇಳಿಸಿ ಮತ್ತೆ ತೆಗೆದುಕೊಂಡರು. ಡಾ. ಶೇಷಾದ್ರಿ ಈಗ ಎದುರು ಸಿಕ್ಕಿದರೆ ತಲೆ ಆಡಿಸಿ ಮುಂದೆ ಹೋಗುತ್ತಾರೆ.

ನಿನ್ನ ಆಟ ನಿಲ್ಲಿಸಿದ್ದು ತಪ್ಪು ಎಂದು ನಾನು ಇವತ್ತಿಗೂ ಅನ್ನುವುದಿಲ್ಲ. ನೀನು ನನಗೊಬ್ಬಳಿಗೇ ಹೇಳಿದ್ದನ್ನು ಬೇರೆಯವರ ಮೇಜಿನ ಮೇಲೆ ಇಟ್ಟದ್ದು ತಪ್ಪು. ಅದಕ್ಕೆ ಕ್ಷಮೆ ಕೇಳುತ್ತೇನೆ. ಉಳಿಸಿದ್ದನ್ನು ಏನು ಮಾಡಬೇಕು ಎಂದು ನೀನು ಕೇಳಿದ್ದೆ. ನನಗೆ ಉತ್ತರ ಸಿಕ್ಕಿಲ್ಲ. ಆಪರೇಷನ್ ಆದ ಮೇಲೆ ನನ್ನ ವಿಷಯದಲ್ಲೂ ಎಷ್ಟೋ ದಿನ ಸಿಗಲಿಲ್ಲ. ಬೆಳಿಗ್ಗೆ ಎದ್ದು ವೇದಾಗೆ ಜಡೆ ಹಾಕುತ್ತಿದ್ದೆ, ಅಷ್ಟೇ.

ಅಕ್ಕ

*

ಕಾಲ್ಡರ್‌ಬ್ರಿಗ್
20 ಸೆಪ್ಟೆಂಬರ್ 1988

ಅಕ್ಕ,

ಮೊನ್ನೆ ಭಾನುವಾರದ ಸಂಗತಿ. ಆ ಸಂಜೆಯೇ ಚೀಟಿಯಲ್ಲಿ ಗುರುತು ಹಾಕಿಕೊಂಡಿದ್ದೆ. ಅದನ್ನು ನೋಡಿ ಬರೆಯುತ್ತಿದ್ದೇನೆ, ತಪ್ಪಿರಲಾರದು.

ಕಳೆದ ವರ್ಷದಿಂದ ಕ್ಲಬ್ಬಿನವರು ನನಗೆ ಬಕೆಟ್ಟಿನ ಕೆಲಸ ಕೊಟ್ಟಿದ್ದರು. ಆಟದ ನಡುವೆ ಯಾರಾದರೂ ಬಿದ್ದರೆ ತಣ್ಣೀರಿನ ಬಕೆಟ್ಟು, ಸ್ಪಂಜು ಹಿಡಿದು ಓಡುವುದು. ಮುಖಕ್ಕೆ ನೀರು ಒತ್ತುವುದು, ಎಬ್ಬಿಸುವುದು, ಮತ್ತೆ ಆಟಕ್ಕೆ ಕಳಿಸುವುದು. ಮೊನ್ನೆ ಡೆರೆಕ್ ಬಿದ್ದ. ಅವನಿಗೀಗ ಮೂವತ್ತನಾಲ್ಕು, ಇದು ಕೊನೆಯ ಸೀಸನ್. ಹೋಗಿ ನೋಡಿದರೆ ಕಣ್ಣು ತೆರೆದಿತ್ತು, ಆದರೆ ನನ್ನನ್ನು ನೋಡುತ್ತಿರಲಿಲ್ಲ. ನೀರು ಒತ್ತಿದೆ. ಎದ್ದು ಕೂತ.

"ಡೆರೆಕ್, ಇವತ್ತು ಯಾರ ಎದುರು ಆಡ್ತಾ ಇದ್ದೀ?" ಎಂದು ಕೇಳಿದೆ.

"ಪಾಲ್, ನೀನು ಯಾಕೆ ಜರ್ಸಿ ಹಾಕಿಲ್ಲ?" ಅಂದ.

ನಾನು ಬಕೆಟ್ಟು ಕೆಳಗಿಟ್ಟೆ. ಅವನು ಏಳಲು ನೋಡಿದ. ಎರಡೂ ಕೈಯಿಂದ ಅವನ ಜರ್ಸಿ ಹಿಡಿದು ಕೂರಿಸಿದೆ. ಕೋಚ್ ಗೆರೆಯಾಚೆಯಿಂದ, "ಕಳಿಸು ಅವನನ್ನು" ಎಂದು ಕೂಗಿದ. ರೆಫರಿ ಬಂದು, "ಆಡುತ್ತಾನಾ ಇಲ್ಲವಾ?" ಎಂದು ಕೇಳಿದ. ಆಡುವುದಿಲ್ಲ ಅಂದೆ. ಡೆರೆಕ್ ನನ್ನ ಎದೆಗೆ ಗುದ್ದಿದ. ನಾನು ಬಿಡಲಿಲ್ಲ. ಅವನು ನನಗಿಂತ ಬಲಶಾಲಿ, ಆದರೆ ಸ್ಕ್ರಮ್‌ನಲ್ಲಿ ಹತ್ತಿರ ಹತ್ತಿರ ಆರು ವರ್ಷ ಅವನ ಪಕ್ಕಕ್ಕೆ ನಿಂತವನು ನಾನು, ಅವನ ಭಾರ ಎತ್ತ ವಾಲುತ್ತದೆ ಎಂದು ನನ್ನ ಮೈಗೆ ಗೊತ್ತು. ಅಷ್ಟು ಜನ ಬೊಬ್ಬೆ ಹಾಕುತ್ತಿದ್ದರು. ಕೊನೆಗೆ ಸ್ಟ್ರೆಚರು ತಂದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನಿಗೆ ಪೂರ್ತಿ ಎಚ್ಚರವಾಯಿತು. ನನ್ನನ್ನು ಬೈದ. "ನಿನ್ನನ್ನು ಕೇಳಿದವರು ಯಾರು? ನನ್ನ ತಲೆ, ನನ್ನ ಇಷ್ಟ. ಇದು ಬಿಟ್ಟರೆ ನನ್ನ ಹತ್ತಿರ ಏನಿದೆ? ನನ್ನನ್ನು ಉಳಿಸಿದೆ ಎಂದುಕೊಂಡಿದ್ದೀಯಾ?" ಇನ್ನು ಮುಖ ತೋರಿಸಬೇಡ ಅಂದ.

ಅಕ್ಕ, ನಾನು ನಿನಗೆ ಬರೆದ ಕೊನೆಯ ಕಾಗದದಲ್ಲಿ ಏನಿತ್ತು ಎಂದು ಸರಿಯಾಗಿ ನೆನಪಿರಲಿಲ್ಲ. ಕೆಟ್ಟದ್ದಾಗಿ ಬರೆದೆ ಎಂದಷ್ಟೇ ನೆನಪಿತ್ತು. ಅವನು ಬೈಯುತ್ತಿದ್ದಾಗ ಒಂದೊಂದೇ ಸಾಲು ನನಗೆ ವಾಪಸು ಬಂತು. ಅವನ ಪ್ರತಿ ಮಾತೂ ನಾನು ಮೊದಲೇ ನಿನಗೆ ಬರೆದದ್ದು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಹೋಗು ಅಂದರೂ ಹೋಗಲಿಲ್ಲ. ಅವನ ಹೆಂಡತಿ ಬಂದು ಕರೆದುಕೊಂಡು ಹೋಗುವವರೆಗೆ ಕೂತಿದ್ದೆ.

ಸೋಮವಾರ ಕ್ಲಬ್ಬಿನಿಂದ ಮಾತು ಬಂತು, ಬಕೆಟ್ಟಿಗೆ ಬೇರೆಯವರನ್ನು ನೋಡಿಕೊಳ್ಳುತ್ತಾರಂತೆ. ಹನ್ನೆರಡು ವರ್ಷದ ಮೇಲೆ ಭಾನುವಾರ ನನಗೆ ಏನೂ ಕೆಲಸವಿಲ್ಲ.

ಡೆರೆಕ್ ಮಾತಾಡುವುದಿಲ್ಲ. ಮಾತಾಡುತ್ತಾನೋ ಇಲ್ಲವೋ ಗೊತ್ತಿಲ್ಲ. ನೀನು ಒಂದೂವರೆ ವರ್ಷ ಇದನ್ನು ಹೇಗೆ ತಡೆದುಕೊಂಡೆ ಎಂದು ಕೇಳಬೇಕೆನಿಸಿತು. ಅದಕ್ಕೆ ಬರೆದೆ.

ನಿನ್ನ ಆರೋಗ್ಯ ಹೇಗಿದೆ? ಹೋದ ವರ್ಷದ ಕಾಗದದಲ್ಲಿ ಸರಿ ಇದೆ ಎಂದಿದ್ದೀ. ಓದಿದ್ದೇನೆ. ಆದರೂ ಕೇಳುತ್ತೇನೆ.

ಗುಣ

*

ಮಿಲ್ಪಿಟಾಸ್
3 ಅಕ್ಟೋಬರ್ 1988

ನನ್ನ ಗುಣ,

ಆರೋಗ್ಯ ಚೆನ್ನಾಗಿದೆ.

ನಿನ್ನ ಕಾಗದ ಅಮ್ಮನಿಗೆ ಪೂರ್ತಿ ಓದಿದೆ, ಒಂದು ಸಾಲೂ ಬಿಡದೆ. ಇಷ್ಟು ವರ್ಷದಲ್ಲಿ ಬಿಡದೆ ಓದಿದ್ದು ಇದೇ ಮೊದಲು. ಅವಳು, "ಆ ಡೆರೆಕ್‌ನ ತಾಯಿ ಇದ್ದಾಳಾ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಅಂದೆ. "ಇದ್ರೆ ಗುಣ ಮಾಡಿದ್ದು ಯಾಕೆ ಅಂತ ಅವಳಿಗೆ ಗೊತ್ತಾಗ್ತದೆ" ಅಂದಳು.

ಹೇಗೆ ತಡೆದುಕೊಂಡೆ ಎಂದು ಕೇಳಿದ್ದೀ. ತಡೆದುಕೊಳ್ಳಲಿಲ್ಲ. ಸಿಟ್ಟು ಇಳಿದ ಮೇಲೆ ನೀನೇ ಬರುತ್ತೀ ಎಂದು ಇಲ್ಲಿ ಕೂತು ಕಾದೆ. ಅದು ನಾನು ಮಾಡಿದ ಎರಡನೇ ತಪ್ಪು. ಆ ರಿಪೋರ್ಟು ಅಂಚೆಗೆ ಹಾಕುವ ಬದಲು ಕೈಯಲ್ಲಿ ಹಿಡಿದುಕೊಂಡು ಬಂದು ನಿನ್ನ ಮುಂದೆ ಕೂರಬೇಕಿತ್ತು. ನೀನು ಬೈದರೆ ಬೈಸಿಕೊಂಡು ಅಲ್ಲೇ ಇರಬೇಕಿತ್ತು. ನೀನು ಆ ಬೆಂಚಿನ ಮೇಲೆ ಕೂತ ಹಾಗೆ.

ಡೆರೆಕ್ ಮನೆಗೆ ಹೋಗು. ಕದ ತೆರೆಯದಿದ್ದರೆ ಮರುದಿನ ಹೋಗು. ಕಾಗದ ಬರೆಯಬೇಡ.

ನಾನೂ ಬರೆಯುವುದು ನಿಲ್ಲಿಸುತ್ತೇನೆ. ಆಸ್ಪತ್ರೆಯಲ್ಲಿ ಆರು ವಾರದ ರಜೆ ಕೇಳಿದೆ, ಕೊಟ್ಟರು. ನಿನ್ನ ಭಾವ ಟಿಕೆಟು ತಂದಿದ್ದಾರೆ. ಇದೇ 22ರ ಶನಿವಾರ ಮಧ್ಯಾಹ್ನ ಲೀಡ್ಸ್ ಸ್ಟೇಷನ್ನಿನಲ್ಲಿ ಇಳಿದು, ಅಲ್ಲಿಂದ ಬಸ್ಸು ಹಿಡಿಯುತ್ತೇನೆ. ಯಾವ ಬಸ್ಸು ಎಂದು ನನಗಿನ್ನೂ ನೆನಪುಂಟು. ಸ್ಟೇಷನ್ನಿಗೆ ಬರಬೇಕಾಗಿಲ್ಲ. ತಾರೀಕು ಬರೆದಿಟ್ಟುಕೊಳ್ಳಬೇಕಾಗಿಯೂ ಇಲ್ಲ. ನೀನು ಮರೆತಿದ್ದರೂ ನಾನು ಬಂದು ಕದ ತಟ್ಟುತ್ತೇನೆ. ಎದ್ದು ಬಂದು ತೆರೆ, ಸಾಕು.

ಅಕ್ಕ